ತೂಕ ಬರೆದಿಟ್ಟ ಹೆರಿಗೆ ವಾರ್ಡು

ಮೈಸೂರಿನಲ್ಲಿ ಆಟೊ ಹತ್ತಿ ‘ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ’ ಎಂದರೆ ಚಾಲಕರು ಒಂದು ಗಳಿಗೆ ಯೋಚಿಸಿಯಾರು. ‘ಮಿಷನ್ ಆಸ್ಪತ್ರೆ’ ಎಂದರೆ ಸಾಕು, ಗಾಡಿ ನೇರ ಮಂಡಿ ಮೊಹಲ್ಲಾಕ್ಕೆ ತಿರುಗುತ್ತದೆ. 1906ರಲ್ಲಿ ಶುರುವಾದ ಈ ಆಸ್ಪತ್ರೆಯಲ್ಲೇ ಅಜ್ಜಿ, ಮಗಳು, ಮೊಮ್ಮಗಳು ಮೂವರೂ ಹುಟ್ಟಿದ ಕುಟುಂಬಗಳು ಊರಿನಲ್ಲಿವೆ. ಗೇಟಿನ ಒಳಗೆ ಎಲ್ಲ ಆಸ್ಪತ್ರೆಗಳದೇ ನೋಟ: ಫ್ಲಾಸ್ಕ್ ಹಿಡಿದು ಓಡಾಡುವ ಗಂಡಸರು, ಬಟ್ಟೆಯ ಚೀಲ ತಬ್ಬಿ ಕುಳಿತ ಅತ್ತೆಯಂದಿರು. ನಾನು ಬಂದದ್ದು ಮಾತ್ರ ಹಳೆಯ ರಿಜಿಸ್ಟರುಗಳ ಜಾಡು ಹಿಡಿದು.

1934ರಿಂದ ಇಲ್ಲಿನ ಹೆರಿಗೆ ವಾರ್ಡಿನಲ್ಲಿ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಡುತ್ತ ಬಂದರು. ತೂಕ ಪೌಂಡಿನಲ್ಲಿ, ಉದ್ದ ಇಂಚಿನಲ್ಲಿ. ಪಕ್ಕದಲ್ಲಿ ತಾಯಿಯ ಸೊಂಟದ ಎಲುಬಿನ ಅಳತೆ. ಮಗುವಿನ ಹೆಸರು ಮಾತ್ರ ಇಲ್ಲ. ನಾಮಕರಣಕ್ಕೂ ಮುಂಚಿನ ದಾಖಲೆಯಾದ್ದರಿಂದ ಅಪ್ಪ-ಅಮ್ಮನ ಹೆಸರೇ ಗುರುತು. ಬರೆದ ದಾದಿಯರಿಗೆ ಅದು ಆ ದಿನದ ಕೆಲಸ, ಅಷ್ಟೆ.

ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕ ಡೇವಿಡ್ ಬಾರ್ಕರ್ ಒಂದು ವಾದ ಮುಂದಿಟ್ಟಿದ್ದರು: ನಡುವಯಸ್ಸಿನ ಹೃದ್ರೋಗದ ಬೇರು ತಾಯಿಯ ಗರ್ಭದಲ್ಲೇ ಇರಬಹುದು. ಇದು ಭಾರತಕ್ಕೂ ಹೊಂದುತ್ತದೆಯೇ ಎಂದು ನೋಡಲು ಅರ್ಧ ಶತಮಾನದ ಹಿಂದಿನ ಜನನ ತೂಕ ಬೇಕು. ಮನೆಯಲ್ಲೇ ಹೆರಿಗೆಯಾಗುತ್ತಿದ್ದ ಕಾಲದ ತೂಕ ಎಲ್ಲಿಂದ ತರುವುದು? ಆಗ ನೆರವಿಗೆ ಬಂದವು ಈ ರಿಜಿಸ್ಟರುಗಳು. 1934–54ರ ನಡುವೆ ಇಲ್ಲಿ ಹುಟ್ಟಿ, ಆಸ್ಪತ್ರೆಯ ಆಸುಪಾಸಿನಲ್ಲೇ ಉಳಿದಿದ್ದ 517 ಮಂದಿಯನ್ನು ಸಂಶೋಧಕರು ಮನೆ ಮನೆ ತಟ್ಟಿ ಹುಡುಕಿದರು. ಫಲಿತಾಂಶ 1996ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗ, 3.1 ಕಿಲೋ ದಾಟಿದ್ದವರಲ್ಲಿ ನೂರಕ್ಕೆ 3.

ಆವರಣದಲ್ಲೇ ಇರುವ ಸಂಶೋಧನಾ ಘಟಕ ಬೆಳೆದದ್ದು ಈ ಕೆಲಸದಿಂದ. ಹಳೆಯ ರಿಜಿಸ್ಟರನ್ನು ಹಿಂದಕ್ಕೆ ಓದಿದ್ದಾಯಿತು. ಇನ್ನು ಹುಟ್ಟುವ ಮಕ್ಕಳ ಜೊತೆ ಮುಂದಕ್ಕೆ ನಡೆಯಬೇಕು. ಹಾಗೆ 1997–98ರಲ್ಲಿ ಶುರುವಾದದ್ದು ‘ಮೈಸೂರು ಪಾರ್ಥೆನಾನ್ ಅಧ್ಯಯನ’. ರಕ್ತ ಪರೀಕ್ಷೆಗೆ ಒಪ್ಪಿದ 785 ಗರ್ಭಿಣಿಯರಲ್ಲಿ 49 ಮಂದಿಗೆ ಬಸಿರಿನ ಸಕ್ಕರೆ ಕಾಯಿಲೆ. ಬಿ-12 ಜೀವಸತ್ವದ ಕೊರತೆಯಂತೂ ನೂರರಲ್ಲಿ 43 ಮಂದಿಗೆ. ಹುಟ್ಟಿದ ಮಕ್ಕಳನ್ನು ಐದು ವರ್ಷದವರೆಗೆ ವರ್ಷಕ್ಕೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಕರೆಸಿ ಅಳೆದರು.

ಅಳತೆ ಮೈಗಷ್ಟೇ ನಿಲ್ಲಲಿಲ್ಲ. ಒಂಬತ್ತು-ಹತ್ತರ ವಯಸ್ಸಿನಲ್ಲಿ ನೆನಪು, ಗಮನ, ಮಾತಿನ ಚುರುಕು ಪರೀಕ್ಷಿಸಿದರು. ಬಸಿರಿನಲ್ಲಿ ಫೋಲೇಟ್ ಜೀವಸತ್ವ ಚೆನ್ನಾಗಿದ್ದ ತಾಯಂದಿರ ಮಕ್ಕಳು ಮುಂದಿದ್ದರು. ಬಸಿರಿನ ಸಕ್ಕರೆ ಕಾಯಿಲೆಯಿದ್ದ ತಾಯಂದಿರ ಮಕ್ಕಳು ಹಿಂದೆ ಬೀಳಬಹುದೆಂದು ಎಣಿಸಿದ್ದರೆ ಅದು ತಲೆಕೆಳಗಾಯಿತು: ಕಲಿಕೆಯಲ್ಲೂ ಮಾತಿನಲ್ಲೂ ಅವರದೇ ಮೇಲುಗೈ. ಒಂದಕ್ಕೊಂದು ನಂಟಿದೆ ಎಂದಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎನ್ನಲಾಗದು ಎಂಬ ಎಚ್ಚರವನ್ನು ಇಂಥ ಅಂಕಿಗಳೇ ಕಲಿಸುತ್ತವೆ.

ಹದಿಮೂರು-ಹದಿನಾಲ್ಕರಲ್ಲಿ ನಡೆದ ಪರೀಕ್ಷೆಯಂತೂ ಯಾರ ಮೈಯಲ್ಲೂ ಬೆವರಿಳಿಸುವಂಥದ್ದು. ಗುರುತಿಲ್ಲದ ಇಬ್ಬರು ಎದುರು ಕೂತಿರುತ್ತಾರೆ. ಹುಡುಗನೋ ಹುಡುಗಿಯೋ ಐದು ನಿಮಿಷ ನಿಂತು ಮಾತನಾಡಬೇಕು, ಆಮೇಲೆ ಬಾಯಿಲೆಕ್ಕ. ಆಗ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನು ಎಷ್ಟು, ರಕ್ತದೊತ್ತಡ ಎಷ್ಟೇರಿತು ಎಂದು ನೋಡುತ್ತಾರೆ. ಕಲಿಕೆಯಲ್ಲಿ ಮುಂದಿದ್ದ ಆ ಸಕ್ಕರೆ ಕಾಯಿಲೆಯ ತಾಯಂದಿರ ಮಕ್ಕಳಲ್ಲೇ ರಕ್ತದೊತ್ತಡದ ಏರಿಕೆಯೂ ಹೆಚ್ಚು. ಆರೋಗ್ಯ ಇಲಾಖೆಯ ಕಡತಗಳಲ್ಲಿ ಮಗುವಿನ ಪೌಷ್ಟಿಕತೆಯದು ಒಂದು ಕಾರ್ಯಕ್ರಮ, ಮಾನಸಿಕ ಆರೋಗ್ಯದ್ದು ಇನ್ನೊಂದು. ಈ ಘಟಕದಲ್ಲಿ ತಾಯಿಯ ಊಟ, ಮಗುವಿನ ತೂಕ, ಹದಿಹರೆಯದ ದಿಗಿಲು ಮೂರೂ ಒಂದೇ ಫೈಲಿನಲ್ಲಿವೆ. ಇಲ್ಲಿ ಕಲಿಯಬೇಕಾದದ್ದು ಇದನ್ನೇ. ಅಷ್ಟೇಕೆ, ರಿಜಿಸ್ಟರಿನಲ್ಲಿದ್ದ ಹಳೆಯ ಕೂಸುಗಳು ಐವತ್ತೈದು ದಾಟಿದ ಮೇಲೆ ಅವರ ಮರೆವು, ಖಿನ್ನತೆಗಳನ್ನೂ ಜನನದ ಅಳತೆಯೊಂದಿಗೆ ತಾಳೆ ನೋಡುವ ಅಧ್ಯಯನವೂ ನಡೆದಿದೆ.

ಈಗ ಪ್ರಶ್ನೆ ಮೈಸೂರಿನ ಸುತ್ತಲ ಹಳ್ಳಿಗಳಿಗೆ ಹೋಗಿದೆ. ಬಸಿರಾಗುವ ಮೊದಲೇ ಹೆಣ್ಣುಮಕ್ಕಳ ಆಹಾರ, ಮನಸ್ಸಿನ ನೆಮ್ಮದಿ, ಅವರು ಉಸಿರಾಡುವ ಹೊಗೆ ಎಲ್ಲದರ ಕಡೆ ಒಟ್ಟಿಗೆ ಗಮನ ಕೊಟ್ಟರೆ ಮಗುವಿಗೆ ಏನು ಸಿಕ್ಕೀತು ಎಂಬ ಪ್ರಯೋಗ ಅದು. ಉತ್ತರಕ್ಕೆ ವರ್ಷಗಳು ಬೇಕು.

ಅದುವರೆಗೆ ಓದುಗರು ಮಾಡಬಹುದಾದ ಒಂದು ಕೆಲಸವಿದೆ. ಮಗುವಿನ ಜನನ ತೂಕ ಬರೆದಿರುವ ತಾಯಿ ಕಾರ್ಡನ್ನು ಲಸಿಕೆ ಮುಗಿದೊಡನೆ ರದ್ದಿಗೆ ಹಾಕಬೇಡಿ. ಮಗುವಿನ ಮಾರ್ಕ್ಸ್ ಕಾರ್ಡಿನ ಜೊತೆಗೇ ಬೀರುವಿನಲ್ಲಿಡಿ; ನಲವತ್ತು ವರ್ಷದ ಮೇಲೆ ವೈದ್ಯರಿಗೆ ಬೇಕಾಗುವುದು ಮಾರ್ಕ್ಸ್ ಅಲ್ಲ.