ಅವಮಾನಕ್ಕೊಂದು ನ್ಯಾಯಸ್ಥಾನ

"ಗೆದ್ದವ ಸೋತ, ಸೋತವ ಸತ್ತ" ಎಂದು ಕೋರ್ಟಿನ ವ್ಯಾಜ್ಯಗಳನ್ನು ಕುರಿತು ನಮ್ಮ ಹಿರಿಯರು ಹೇಳುವುದುಂಟು. ಬದುವಿನ ಜಗಳಕ್ಕೆ ಈ ಮಾತು ಒಪ್ಪಬಹುದು. ಆದರೆ ಜಾತಿಯ ಕಾರಣದಿಂದ ಬೈಗುಳಕ್ಕೆ, ಏಟಿಗೆ, ಬಹಿಷ್ಕಾರಕ್ಕೆ ಗುರಿಯಾದವನು ಇದನ್ನೇ ನಂಬಿ ಮನೆಯಲ್ಲಿ ಕುಳಿತರೆ ಅವನ ಗತಿಯೇನು? ಅಂಥವರಿಗೆಂದೇ ನಮ್ಮ ದೇಶದ ಕಾನೂನು ವಿಶೇಷ ನ್ಯಾಯಾಲಯವನ್ನು ಏರ್ಪಡಿಸಿದೆ. ಅದರ ಸ್ವರೂಪವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಮಾಡಿತು. ಅದನ್ನು ಆಚರಿಸಿದವರನ್ನು ಶಿಕ್ಷಿಸಲು 1955ರಲ್ಲಿ ಒಂದು ಕಾಯಿದೆ ಬಂದಿತು. 1976ರ ತಿದ್ದುಪಡಿಯಲ್ಲಿ ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂಬ ಹೆಸರಾಯಿತು. ಅದೂ ಸಾಲದೆ ಹೋದುದರಿಂದ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯಿದೆಯನ್ನು 1989ರಲ್ಲಿ ಮಾಡಲಾಯಿತು. ವಿಶೇಷ ನ್ಯಾಯಾಲಯ ಹುಟ್ಟಿದುದು ಈ ಕಾಯಿದೆಯಿಂದ. 2016ರ ಜನವರಿ 26ರಿಂದ ಜಾರಿಗೆ ಬಂದ ತಿದ್ದುಪಡಿಯು ಅದನ್ನು ಇನ್ನಷ್ಟು ಬಲಪಡಿಸಿತು.

ಸಾಮಾನ್ಯ ಕೋರ್ಟಿಗೂ ಇದಕ್ಕೂ ಭೇದವೇನು? ಮೊದಲನೆಯದು ಕಾಲ. ತನಿಖೆ ನಡೆಸುವ ಅಧಿಕಾರಿ ಡಿ.ಎಸ್.ಪಿ. ದರ್ಜೆಗೆ ಕಡಮೆಯಿರಬಾರದು; ಆತ 60 ದಿನಗಳೊಳಗೆ ಆರೋಪಪಟ್ಟಿ ಸಲ್ಲಿಸಬೇಕು. ಬಳಿಕ ವಿಚಾರಣೆ ದಿನದಿನವೂ ನಡೆದು, ಸಾಧ್ಯವಾದಮಟ್ಟಿಗೆ 2 ತಿಂಗಳಲ್ಲಿ ಮುಗಿಯಬೇಕು. ಎರಡನೆಯದು ನೊಂದವರ ಸ್ಥಾನ. ಆರೋಪಿಗೆ ಜಾಮೀನು ಕೊಡುವ ಮುನ್ನ ಅವರ ಮಾತನ್ನೂ ನ್ಯಾಯಾಲಯ ಕೇಳಬೇಕು. ಸಾಕ್ಷಿಗಳಿಗೆ ರಕ್ಷಣೆಯಷ್ಟೇ ಅಲ್ಲ, ಪ್ರಯಾಣದ ವೆಚ್ಚವೂ ದೊರೆಯಬೇಕು. ಕೂಲಿ ಬಿಟ್ಟು ಕೋರ್ಟಿಗೆ ಬರುವವನಿಗೆ ಇದು ಸಣ್ಣ ಮಾತಲ್ಲ.

ಇನ್ನೊಂದು ನಿಯಮ ನಮ್ಮಂಥವರ ಮನೆಗಳಿಗೆ ಬಹಳ ಮುಖ್ಯವಾದುದು. ಬಾಯಿಮಾತಿನ ದೂರನ್ನು ಠಾಣಾಧಿಕಾರಿ ಬರೆದುಕೊಂಡ ಮೇಲೆ, ಸಹಿಗೆ ಮುಂಚೆ ಅದನ್ನು ದೂರುದಾರನಿಗೆ ಓದಿ ಹೇಳಬೇಕು, ಪ್ರತಿಯನ್ನೂ ಕೊಡಬೇಕು. ಈ ಕರ್ತವ್ಯವನ್ನು ಬೇಕೆಂದೇ ಕಡೆಗಣಿಸಿದ, ಪರಿಶಿಷ್ಟ ಜಾತಿ ಪಂಗಡಗಳಿಗೆ ಸೇರದ ಸರ್ಕಾರಿ ನೌಕರನಿಗೆ 6 ತಿಂಗಳಿಂದ 1 ವರ್ಷದವರೆಗೆ ಸೆರೆವಾಸವುಂಟು.

ಈ ಕಾಯಿದೆ ದುರುಪಯೋಗವಾಗುತ್ತದೆಂಬ ಆಕ್ಷೇಪಣೆಯನ್ನೂ ನಾವು ಕೇಳುತ್ತೇವೆ. ಬೈದುದೆಲ್ಲವೂ ಇಲ್ಲಿ ಅಪರಾಧವಲ್ಲ. ಅವಮಾನಿಸುವ ಉದ್ದೇಶವಿರಬೇಕು, ಜನರ ಕಣ್ಣೆದುರು ನಡೆದಿರಬೇಕು. ಸಾರ್ವಜನಿಕರಾರೂ ಇಲ್ಲದೆ ಮನೆಯ ನಾಲ್ಕು ಗೋಡೆಗಳೊಳಗೆ ಆಡಿದ ಮಾತು ಈ ಅಪರಾಧವಾಗದೆಂದು 2020ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಬಂಧನಕ್ಕೆ ಮೊದಲು ಅನುಮತಿ ಬೇಕೆಂದು 2018ರ ಮಾರ್ಚಿಯಲ್ಲಿ ಅದೇ ನ್ಯಾಯಾಲಯ ವಿಧಿಸಿದ್ದ ಕಟ್ಟುಪಾಡನ್ನು ಪಾರ್ಲಿಮೆಂಟು ಅದೇ ವರ್ಷ ತಿದ್ದುಪಡಿಯಿಂದ ತೆಗೆದುಹಾಕಿತು. 2020ರಲ್ಲಿ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಕಾಗದದ ಮೇಲಿನ ಕಾನೂನಿಗೂ ಊರಿನ ಬಾಳಿಗೂ ಇರುವ ಅಂತರವನ್ನು ಮರೆಯಲಾಗದು. 2000ದ ಮಾರ್ಚಿಯಲ್ಲಿ, ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಕಂಬಾಲಪಲ್ಲಿಯಲ್ಲಿ 7 ಮಂದಿ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ಹಿಂದೆ ಸರಿದರು. 2006ರಲ್ಲಿ ಆರೋಪಿಗಳು ಬಿಡುಗಡೆಯಾದರು. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿಯಿಟ್ಟ ಪ್ರಕರಣದಲ್ಲಿ ಮಾತ್ರ 2024ರ ಅಕ್ಟೋಬರಿನಲ್ಲಿ ಜಿಲ್ಲಾ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಶಿಕ್ಷಿತರು ಹೈಕೋರ್ಟಿನ ಮೊರೆಹೊಕ್ಕರು. ಎರಡು ತಿಂಗಳ ಮಾತೆಲ್ಲಿ, ಹತ್ತು ವರ್ಷವೆಲ್ಲಿ!

ಇವೆರಡನ್ನೂ ಹೋಲಿಸಿದರೆ ಒಂದು ಸಂಗತಿ ತಿಳಿಯುತ್ತದೆ. ನ್ಯಾಯಾಧೀಶರು ಎಷ್ಟೇ ಸಮರ್ಥರಾಗಿರಲಿ, ಸಾಕ್ಷಿ ಬಾಯಿ ಬಿಡದಿದ್ದರೆ ಅವರ ಕೈ ಕಟ್ಟಿದಂತೆಯೇ. ಆ ಸಾಕ್ಷಿಯಾದರೋ ಆರೋಪಿಯ ಊರಿನಲ್ಲೇ ಬಾಳಬೇಕಾದವನು, ಅನೇಕ ವೇಳೆ ಅವನ ಹೊಲದಲ್ಲೇ ದುಡಿಯಬೇಕಾದವನು. ಕಾಲ ಬೆಳೆದಂತೆ ಅವನ ಧೈರ್ಯ ಕರಗುತ್ತದೆ. ಕಾಯಿದೆಯು ಅವಸರಪಡುವುದು ಇದಕ್ಕಾಗಿಯೇ.

ಮನೆತನದಲ್ಲಿ ಮೊದಲ ಬಾರಿಗೆ ಪದವಿಯ ತರಗತಿಯನ್ನು ಕಂಡವರು ನಮ್ಮಲ್ಲಿ ಅನೇಕರಿದ್ದೇವೆ. ಠಾಣೆಯಲ್ಲಿ ದೂರನ್ನು ಓದಿಸಿ ಕೇಳುವುದು, ಪ್ರತಿಯನ್ನು ಪಡೆಯುವುದು, ಸಾಕ್ಷಿಯ ಜೊತೆಗೆ ಕೋರ್ಟಿನ ಬಾಗಿಲವರೆಗೆ ನಡೆಯುವುದು — ಇಷ್ಟಕ್ಕೆ ವಕೀಲನಾಗಬೇಕಿಲ್ಲ. ಓದು ಬಲ್ಲವನೊಬ್ಬ ಪಕ್ಕದಲ್ಲಿದ್ದರೆ ಸಾಕು.