ಬೆವರು ಸುರಿಸಿದರೆ ಇನ್ಸುಲಿನ್ ಬಿಡಬಹುದೇ? ಟೈಪ್ 1 ಮಧುಮೇಹಿಗಳು ಗಮನಿಸಿ

‘ದಿನಾ ಒಂದು ಗಂಟೆ ಓಡಿ, ಇನ್ಸುಲಿನ್ ಬಿಡಿ’ ಎನ್ನುವ ಧಾಟಿಯ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಲೇ ಇರುತ್ತವೆ. ಟೈಪ್ 1 ಮಧುಮೇಹ ಇರುವವರ ಮಟ್ಟಿಗೆ ಇದು ಜೀವ ತೆಗೆಯುವ ಸುಳ್ಳು. ಅವರ ದೇಹ ಇನ್ಸುಲಿನ್ ತಯಾರಿಸುವುದನ್ನು ಹೆಚ್ಚುಕಡಿಮೆ ನಿಲ್ಲಿಸಿರುತ್ತದೆ. ಇಂಜೆಕ್ಷನ್ ಬಿಟ್ಟರೆ ರಕ್ತದಲ್ಲಿ ಕೀಟೋನ್ ಸೇರಿಕೊಂಡು ಒಂದೆರಡು ದಿನದಲ್ಲೇ ಪ್ರಾಣಕ್ಕೆ ಕುತ್ತು ಬರಬಹುದು.

ಹಾಗಂತ ವ್ಯಾಯಾಮ ಬೇಡವೇ? ಖಂಡಿತ ಬೇಕು. ವಾಸಿಂ ಅಕ್ರಂಗೆ 1997ರಲ್ಲಿ ಟೈಪ್ 1 ಪತ್ತೆಯಾಯಿತು. 2003ರ ವಿಶ್ವಕಪ್‌ನಲ್ಲೂ ಅವರು ಬೌಲಿಂಗ್ ಮಾಡಿದರು.

ಭದ್ರಾವತಿಯಿಂದ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶಕ್ಕೆ ಸೈಕಲ್ ತುಳಿದು ಶಿಫ್ಟಿಗೆ ಹೋಗುವ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ತಿಂಡಿಗೆ ಮುಂಚೆ ಇನ್ಸುಲಿನ್ ಹಾಕಿಕೊಂಡಿದ್ದಾನೆ. ದುಡಿಯುವ ಸ್ನಾಯುಗಳು ಇನ್ಸುಲಿನ್ ನೆರವಿಲ್ಲದೆಯೂ ರಕ್ತದ ಸಕ್ಕರೆ ಎಳೆದುಕೊಳ್ಳುತ್ತವೆ. ಆರೋಗ್ಯವಂತರ ದೇಹ ಆಗ ಇನ್ಸುಲಿನ್ ಸುರಿಸುವುದನ್ನು ತಾನೇ ತಗ್ಗಿಸುತ್ತದೆ. ಚುಚ್ಚಿಕೊಂಡ ಇನ್ಸುಲಿನನ್ನು ಮಾತ್ರ ವಾಪಸ್ ತೆಗೆಯಲಾಗದು. ಎರಡೂ ಸೇರಿ ಸಕ್ಕರೆ ದಿಢೀರ್ ಇಳಿಯುತ್ತದೆ: ಕೈ ನಡುಕ, ಬೆವರು, ತಲೆ ಮಂಕು. ಆ ಬೆವರು ಸೈಕಲ್ ತುಳಿದದ್ದಕ್ಕೋ ಸಕ್ಕರೆ ಇಳಿದದ್ದಕ್ಕೋ ಗೊತ್ತಾಗುವುದಿಲ್ಲ, ತೊಡಕು ಅದೇ. ಹಾಗಾಗಿ ಗ್ಲುಕೋಮೀಟರ್ ನೋಡದೆ ಹೊರಡಬಾರದು.

2017ರಲ್ಲಿ ಅಂತರರಾಷ್ಟ್ರೀಯ ತಜ್ಞರು ಒಮ್ಮತದಿಂದ ಕೊಟ್ಟ ಸಲಹೆಯಂತೆ, ನಡಿಗೆ, ಸೈಕಲ್‌ನಂಥ ವ್ಯಾಯಾಮಕ್ಕೆ ಬಹುತೇಕರಿಗೆ 126ರಿಂದ 180 ಮಿ.ಗ್ರಾಂ. ಒಳ್ಳೆಯ ಆರಂಭ. 90ಕ್ಕಿಂತ ಕಡಿಮೆಯಿದ್ದರೆ ಮೊದಲು 10–20 ಗ್ರಾಂ ಗ್ಲುಕೋಸ್ ತಿನ್ನಬೇಕು. ಕಾರಣವಿಲ್ಲದೆ 270 ದಾಟಿದ್ದರೆ ಕೀಟೋನ್ ಪರೀಕ್ಷಿಸಬೇಕು. ಅದು ಹೆಚ್ಚಿದ್ದರೆ ಅಂದು ವ್ಯಾಯಾಮ ಬೇಡ. ಇನ್ನೊಂದು ವಿಚಿತ್ರ: ಜೋರು ಓಟ, ಭಾರ ಎತ್ತುವುದು ಅಡ್ರಿನಲಿನ್ ಕಾರಣದಿಂದ ಸಕ್ಕರೆಯನ್ನು ಸ್ವಲ್ಪ ಹೊತ್ತು ಏರಿಸಲೂಬಹುದು. ಆಗ ಗಾಬರಿಯಿಂದ ಹೆಚ್ಚು ಇನ್ಸುಲಿನ್ ಚುಚ್ಚಿಕೊಂಡರೆ ಆಮೇಲೆ ಕುಸಿತ ಖಚಿತ ಅಂದುಕೊಳ್ಳಿ.

70ಕ್ಕಿಂತ ಇಳಿದರೆ ನಿಂತು, ಸುಮಾರು ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಮಾಚೇನಹಳ್ಳಿಯಲ್ಲೇ ಹಾಲಿನ ಡೇರಿ ಇದೆಯಲ್ಲ, ಪೇಡ ತಿಂದರಾಯಿತು ಎನ್ನಬೇಡಿ. ಪೇಡ, ಚಾಕೊಲೇಟ್‌ಗಳ ಕೊಬ್ಬು ಸಕ್ಕರೆ ರಕ್ತ ಸೇರುವುದನ್ನು ನಿಧಾನ ಮಾಡುತ್ತದೆ.

ಸಂಜೆ ಆಡಿದವರಿಗೆ ಅಪಾಯ ರಾತ್ರಿಯೂ ಇದೆ. ಖಾಲಿಯಾದ ದಾಸ್ತಾನು ತುಂಬಿಕೊಳ್ಳಲು ಸ್ನಾಯುಗಳು ಗಂಟೆಗಟ್ಟಲೆ ಸಕ್ಕರೆ ಎಳೆಯುತ್ತಲೇ ಇರುತ್ತವೆ. ಮಲಗುವ ಮುನ್ನ ಮತ್ತೊಮ್ಮೆ ಪರೀಕ್ಷಿಸಿ. ಡೋಸ್ ಎಷ್ಟು ಇಳಿಸಬೇಕೆಂದು ನಿಮ್ಮ ವೈದ್ಯರನ್ನೇ ಕೇಳಿ. ಮನೆಯವರಿಗೂ ಒಂದು ಮಾತು ಹೇಳಿಡಿ: ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಸುರಿಯಬಾರದು, ತಕ್ಷಣ 108ಕ್ಕೆ ಕರೆ ಮಾಡಬೇಕು.