ಟ್ರಾಯ್ ಹುಡುಗನ ಕೈಗೆ ಬಂದ ಹತ್ತು ಸೆಂಟಿನ ಪುಸ್ತಕ

2008ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಸಂಸದ ಜಾನ್ ಲೂಯಿಸ್ ಅವರ ಮರುಚುನಾವಣೆಯ ಪ್ರಚಾರ ಮುಗಿಯುತ್ತ ಬಂದಿತ್ತು. ಕೆಲಸ ಮುಗಿದ ಮೇಲೆ ಯಾರು ಎಲ್ಲಿಗೆ ಹೋಗುತ್ತೀರಿ ಎಂಬ ಹರಟೆ ಕಚೇರಿಯಲ್ಲಿ ಎದ್ದಿತು. ಕೆಲವರು ಸಮುದ್ರ ತೀರಕ್ಕೆ ಅಂದರು, ಕೆಲವರು ಅಪ್ಪ ಅಮ್ಮನ ಮನೆಗೆ ಅಂದರು. ಆಂಡ್ರ್ಯೂ ಐಡಿನ್ ಎಂಬ ಯುವ ಸಹಾಯಕ ಮಾತ್ರ ಕಾಮಿಕ್ಸ್ ಸಮ್ಮೇಳನಕ್ಕೆ ಹೋಗುತ್ತೇನೆ ಅಂದ. ಉಳಿದವರು ನಕ್ಕರು, ಲೂಯಿಸ್ ನಗಲಿಲ್ಲ. ನಮ್ಮ ನಾಗರಿಕ ಹಕ್ಕುಗಳ ಚಳವಳಿಯ ಕಾಲದಲ್ಲೂ ಒಂದು ಕಾಮಿಕ್ಸ್ ಇತ್ತು, ಅದು ದೊಡ್ಡ ಕೆಲಸ ಮಾಡಿತು ಎಂದು ಆತನ ಬೆಂಬಲಕ್ಕೆ ನಿಂತರು. ಅವರು ನೆನೆದ ಆ ಪುಸ್ತಕದ ಬೆನ್ನು ಹಿಡಿದೇ ‘ಮಾರ್ಚ್’ ಎಂಬ ಮೂರು ಸಂಪುಟಗಳ ಗ್ರಾಫಿಕ್ ಕಾದಂಬರಿ ಹುಟ್ಟಿತು.

ಹಳೆಯ ಕಾಮಿಕ್ಸ್‌ನ ಹೆಸರು ‘ಮಾರ್ಟಿನ್ ಲೂಥರ್ ಕಿಂಗ್ ಅಂಡ್ ದ ಮಾಂಟ್‌ಗೊಮರಿ ಸ್ಟೋರಿ’. ಹದಿನಾರು ಪುಟ, ಬೆಲೆ ಹತ್ತು ಸೆಂಟ್. ಅದನ್ನು 1957ರ ಕೊನೆಯಲ್ಲಿ ಹೊರತಂದದ್ದು ಫೆಲೋಶಿಪ್ ಆಫ್ ರೀಕನ್ಸಿಲಿಯೇಷನ್ ಎಂಬ ಶಾಂತಿವಾದಿ ಸಂಸ್ಥೆ. ಆಗ ಕಾಮಿಕ್ಸ್‌ಗೆ ಒಳ್ಳೆಯ ಹೆಸರಿರಲಿಲ್ಲ. ಮೂರು ವರ್ಷ ಹಿಂದಷ್ಟೇ, ಇವು ಮಕ್ಕಳನ್ನು ಕೆಡಿಸುತ್ತವೆ ಎಂಬ ದೂರಿನ ಮೇಲೆ ಅಮೆರಿಕದ ಸೆನೆಟ್ ವಿಚಾರಣೆಯನ್ನೇ ನಡೆಸಿತ್ತು. ಆದರೂ ದಪ್ಪ ಪುಸ್ತಕ ಓದುವ ಅಭ್ಯಾಸವೋ ಅವಕಾಶವೋ ಇಲ್ಲದವರನ್ನು ಮುಟ್ಟಲು ಇದೇ ದಾರಿ ಎಂದು ಸಂಸ್ಥೆಯ ಆಲ್ಫ್ರೆಡ್ ಹ್ಯಾಸ್ಲರ್ ಪಟ್ಟು ಹಿಡಿದರು. ಕರಡನ್ನು ಕಿಂಗ್ ಸ್ವತಃ ನೋಡಿದರು. ಎರಡೂವರೆ ಲಕ್ಷ ಪ್ರತಿಗಳು ಅಚ್ಚಾಗಿ ಚರ್ಚು, ಶಾಲೆ, ಸಂಘಗಳ ಮೂಲಕ ಕೈಯಿಂದ ಕೈಗೆ ಸಾಗಿದವು.

ಅದರಲ್ಲಿದ್ದ ಕಥೆ ಆಗಿನ್ನೂ ಬಿಸಿಬಿಸಿಯಾಗಿತ್ತು. 1955ರ ಡಿಸೆಂಬರ್ 1ರಂದು ಅಲಬಾಮದ ಮಾಂಟ್‌ಗೊಮರಿಯಲ್ಲಿ ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಟ್ಟುಕೊಡದೆ ಬಂಧನಕ್ಕೊಳಗಾದದ್ದು, ಊರಿನ ಕಪ್ಪು ಜನ 381 ದಿನ ಬಸ್ಸು ಹತ್ತದೆ ನಡೆದೇ ಓಡಾಡಿದ್ದು, ಬಹಿಷ್ಕಾರ ಮುನ್ನಡೆಸಿದ ಕಿಂಗ್ ಮನೆಗೆ ಬಾಂಬ್ ಬಿದ್ದದ್ದು, ಕೊನೆಗೆ ಬಸ್ಸಿನಲ್ಲಿ ಎಲ್ಲರೂ ಎಲ್ಲಿ ಬೇಕಾದರೂ ಕೂರುವಂತಾದದ್ದು. ಕೊನೆಯ ಪುಟಗಳಲ್ಲಿ ಗಾಂಧಿಯ ಕಥೆ ಬರುತ್ತಿತ್ತು. ನೀವೂ ನಿಮ್ಮೂರಿನಲ್ಲಿ ಹೀಗೆ ಹೋರಾಡಬೇಕೆಂದರೆ ಏನು ಮಾಡಬೇಕು, ಹೊಡೆದರೆ ಹೇಗೆ ತಡೆದುಕೊಳ್ಳಬೇಕು ಎಂಬ ಪಾಠವೂ ಇತ್ತು. ನಾಯಕನನ್ನು ಕೊಂಡಾಡಿ ಮುಗಿಯುವ ಪುಸ್ತಕ ಅದಾಗಿರಲಿಲ್ಲ. ಓದಿದವನ ಕೈಗೆ ಕೆಲಸ ಕೊಡುವ ಪುಸ್ತಕವಾಗಿತ್ತು.

ಆ ಪುಸ್ತಕ ಕೈಸೇರಿದ, ಅಂಥ ಕೆಲಸಕ್ಕೆ ಕಾದು ಕುಳಿತಿದ್ದ ಹುಡುಗರಲ್ಲಿ ಜಾನ್ ಲೂಯಿಸ್ ಒಬ್ಬ. ಹುಟ್ಟಿದ್ದು 1940ರಲ್ಲಿ, ಅಲಬಾಮದ ಟ್ರಾಯ್ ಎಂಬ ಪಟ್ಟಣದ ಹೊರಗಿನ ಹಳ್ಳಿಗಾಡಿನಲ್ಲಿ. ಅಪ್ಪ ಅಮ್ಮ ಬೇರೆಯವರ ಹೊಲವನ್ನು ಪಾಲಿಗೆ ಮಾಡುತ್ತಿದ್ದವರು. 1944ರಲ್ಲಿ ಅಪ್ಪ ಉಳಿಸಿಟ್ಟ 300 ಡಾಲರ್ ಕೊಟ್ಟು 110 ಎಕರೆ ಕೊಂಡರು. ಹತ್ತು ಮಕ್ಕಳಲ್ಲಿ ಮೂರನೆಯವನಾದ ಜಾನ್ ಪಾಲಿಗೆ ಬಂದದ್ದು ಕೋಳಿಗಳ ಉಸ್ತುವಾರಿ. ಪಾದ್ರಿಯಾಗುವ ಆಸೆಯ ಹುಡುಗ, ಸಂಜೆ ಕೋಳಿಗಳನ್ನು ಗೂಡಿಗೆ ಸೇರಿಸಿ ಅವುಗಳ ಮುಂದೆ ಪ್ರವಚನ ಮಾಡುತ್ತಿದ್ದ, ಸತ್ತ ಕೋಳಿಗೆ ವಿಧಿಪೂರ್ವಕ ಅಂತ್ಯಸಂಸ್ಕಾರ ನಡೆಸುತ್ತಿದ್ದ. ತಾನು ಸಾಕಿದ ಕೋಳಿ ಅಡುಗೆಮನೆ ಸೇರಿದ ದಿನ ಊಟಕ್ಕೆ ಮುನಿಸು.

1956ರಲ್ಲಿ, ಹದಿನಾರನೇ ವಯಸ್ಸಿನಲ್ಲಿ, ಅಣ್ಣತಮ್ಮ ಅಕ್ಕತಂಗಿಯರ ಜೊತೆ ಟ್ರಾಯ್‌ನ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ ಸದಸ್ಯತ್ವದ ಕಾರ್ಡ್ ಕೇಳಿದ. ಇದು ಬಿಳಿಯರಿಗೆ ಮಾತ್ರ ಎಂದು ವಾಪಸು ಕಳಿಸಿದರು. ಅಷ್ಟರಲ್ಲಿ ರೇಡಿಯೊದಲ್ಲಿ ಕಿಂಗ್ ಅವರ ದನಿ ಕಿವಿಗೆ ಬಿದ್ದಿತ್ತು. ಧರ್ಮದ ಮಾತನ್ನು ಬಸ್ಸು, ಶಾಲೆ, ಮತಪೆಟ್ಟಿಗೆಯ ತನಕ ತರುವ ಪಾದ್ರಿಯೊಬ್ಬರು ತನ್ನೂರಿನಿಂದ ಎಂಬತ್ತು ಕಿಲೋಮೀಟರ್ ದೂರದಲ್ಲೇ ಇದ್ದಾರೆ ಎಂಬುದು ಹುಡುಗನಿಗೆ ಹೊಸ ಲೋಕ.

ಆದರೂ ಅವನ ಮೊದಲ ಕನಸು ಸಣ್ಣದೇ. ಮನೆಗೆ ಹತ್ತಿರದ ಟ್ರಾಯ್ ಸ್ಟೇಟ್ ಕಾಲೇಜಿನಲ್ಲಿ ಓದಬೇಕು ಅಷ್ಟೆ. ಬಿಳಿಯರಷ್ಟೇ ಓದುತ್ತಿದ್ದ ಆ ಕಾಲೇಜಿಗೆ ಅರ್ಜಿ ಹಾಕಿದ, ಉತ್ತರವೇ ಬರಲಿಲ್ಲ. 1957ರಲ್ಲಿ ಅವನು ಸೇರಿದ್ದು ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ನ ಒಂದು ಬ್ಯಾಪ್ಟಿಸ್ಟ್ ಧರ್ಮಶಿಕ್ಷಣ ಕಾಲೇಜು. ಅಲ್ಲಿ ಶುಲ್ಕವಿಲ್ಲ, ಬದಲಿಗೆ ದುಡಿಯಬೇಕು. ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತ ಓದಿದ. ಟ್ರಾಯ್ ಕಾಲೇಜಿನ ವಿಷಯ ಮಾತ್ರ ಮನಸ್ಸಿನಿಂದ ಹೋಗಲಿಲ್ಲ. ಕಿಂಗ್ ಅವರಿಗೇ ಪತ್ರ ಬರೆದ.

ಉತ್ತರ ಬಂತು, ಜೊತೆಗೆ ಮಾಂಟ್‌ಗೊಮರಿಗೆ ಹೋಗಿಬರುವ ಬಸ್ ಟಿಕೆಟ್ಟೂ ಬಂತು. 1958ರಲ್ಲಿ ಬಸ್ಸಿಳಿದವನನ್ನು ಕರೆದೊಯ್ಯಲು ನಿಂತಿದ್ದವರು ರೋಸಾ ಪಾರ್ಕ್ಸ್ ಪರ ವಾದಿಸಿದ್ದ ಯುವ ವಕೀಲ ಫ್ರೆಡ್ ಗ್ರೇ. ಚರ್ಚಿನ ಕೋಣೆಯಲ್ಲಿ ಕಿಂಗ್ ಮೊದಲು ಕೇಳಿದ್ದೇ ಟ್ರಾಯ್‌ನ ಹುಡುಗ ನೀನೇನಾ ಎಂದು. ಮುಂದೆ ಜೀವನಪೂರ್ತಿ ಅದೇ ಅಡ್ಡಹೆಸರಾಯಿತು. ಕಾಲೇಜಿನ ಮೇಲೆ ಮೊಕದ್ದಮೆ ಹೂಡಲು ಕಿಂಗ್ ಸಿದ್ಧರಿದ್ದರು. ಆದರೆ ಬೆಲೆ ಏನೆಂಬುದನ್ನು ಮುಚ್ಚಿಡಲಿಲ್ಲ. ನಿಮ್ಮ ಮನೆಗೆ ಬಾಂಬ್ ಬೀಳಬಹುದು, ಅಪ್ಪ ಅಮ್ಮ ಜಮೀನು ಕಳೆದುಕೊಳ್ಳಬಹುದು, ಅವರ ಒಪ್ಪಿಗೆ ತೆಗೆದುಕೊಂಡು ಬಾ ಎಂದರು. ಮನೆಯವರು ಹೆದರಿ ಒಪ್ಪಲಿಲ್ಲ. ಲೂಯಿಸ್ ಟ್ರಾಯ್ ಕಾಲೇಜಿನ ಆಸೆ ಬಿಟ್ಟು ನ್ಯಾಶ್‌ವಿಲ್‌ಗೆ ಮರಳಿದರು. ಸಣ್ಣ ಕನಸಿನ ಬಾಗಿಲು ಮುಚ್ಚಿದ್ದರಿಂದಲೇ ದೊಡ್ಡದರ ದಾರಿ ತೆರೆಯಿತು ಎಂದು ಈಗ ಹೇಳುವುದು ಸುಲಭ. ಆಗ ಅದು ಬರೀ ಸೋಲು.

ಅದೇ ಹೊತ್ತಿಗೆ ನ್ಯಾಶ್‌ವಿಲ್‌ಗೆ ಬಂದವರು ಜೇಮ್ಸ್ ಲಾಸನ್. ಇಲ್ಲಿ ಕಥೆಗೆ ನಮ್ಮ ನಾಗಪುರ ಸೇರಿಕೊಳ್ಳುತ್ತದೆ. ಕೊರಿಯಾ ಯುದ್ಧಕ್ಕೆ ಸೈನಿಕನಾಗಲು ಒಲ್ಲೆನೆಂದು ಜೈಲು ಕಂಡ ಲಾಸನ್, 1953ರಲ್ಲಿ ಮೆಥಡಿಸ್ಟ್ ಮಿಷನ್ ಮೂಲಕ ನಾಗಪುರದ ಹಿಸ್ಲಾಪ್ ಕಾಲೇಜಿಗೆ ಬಂದಿದ್ದರು. ಗಾಂಧಿಯ ಸತ್ಯಾಗ್ರಹವನ್ನು ಅವರು ಅಭ್ಯಾಸ ಮಾಡಿದ್ದು ಅಲ್ಲಿ. ಮಾಂಟ್‌ಗೊಮರಿಯ ಬಸ್ ಬಹಿಷ್ಕಾರದ ಸುದ್ದಿ ಓದಿದ್ದೂ ನಾಗಪುರದ ಪತ್ರಿಕೆಯಲ್ಲೇ. 1957ರಲ್ಲಿ, ಅಮೆರಿಕಕ್ಕೆ ಮರಳಿ ಓದುತ್ತಿದ್ದ ಓಬರ್ಲಿನ್ ಕಾಲೇಜಿನಲ್ಲಿ ಕಿಂಗ್ ಭೇಟಿಯಾದಾಗ ಇಬ್ಬರಿಗೂ ಇಪ್ಪತ್ತೆಂಟು ವರ್ಷ. ಓದು ಮುಗಿಸಿ ದಕ್ಷಿಣಕ್ಕೆ ಬರುತ್ತೇನೆ ಎಂದ ಲಾಸನ್‌ಗೆ, ಕಾಯಬೇಡಿ, ಈಗಲೇ ಬನ್ನಿ ಎಂದರು ಕಿಂಗ್. ಲಾಸನ್ ಬಂದರು, ಹತ್ತು ಸೆಂಟಿನ ಕಾಮಿಕ್ಸ್ ಹೊರತಂದ ಅದೇ ಸಂಸ್ಥೆಯ ಕಾರ್ಯಕರ್ತರಾಗಿ.

ಅವರು ಚರ್ಚೊಂದರಲ್ಲಿ ನಡೆಸುತ್ತಿದ್ದ ಶಿಬಿರಗಳಲ್ಲಿ ಲೂಯಿಸ್, ಡಯಾನ್ ನ್ಯಾಶ್, ಬರ್ನಾರ್ಡ್ ಲಫಯೆಟ್ ಮುಂತಾದ ವಿದ್ಯಾರ್ಥಿಗಳಿದ್ದರು. ಅಲ್ಲಿ ಭಾಷಣಕ್ಕಿಂತ ತಾಲೀಮು ಹೆಚ್ಚು. ಒಬ್ಬರು ಕುರ್ಚಿಯಲ್ಲಿ ಕೂರಬೇಕು. ಉಳಿದವರು ಬಿಳಿಯ ಪುಂಡರ ಪಾತ್ರ ವಹಿಸಿ ಬಾಯಿಗೆ ಬಂದಂತೆ ಬೈಯಬೇಕು, ಮುಖಕ್ಕೆ ಸಿಗರೇಟಿನ ಹೊಗೆ ಬಿಡಬೇಕು, ಕುರ್ಚಿಯಿಂದ ಕೆಳಕ್ಕೆ ಎಳೆಯಬೇಕು. ಕೂತವರು ಕೈ ಎತ್ತಬಾರದು, ಕುಗ್ಗಲೂಬಾರದು. ಬಿದ್ದಾಗ ತಲೆ ಕಾಪಾಡಿಕೊಳ್ಳುವುದು ಹೇಗೆ, ಹೊಡೆಯುವವನ ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಹೇಗೆ ಎಂಬುದನ್ನೆಲ್ಲ ಮತ್ತೆ ಮತ್ತೆ ಮಾಡಿ ಕಲಿತರು.

1960ರ ಫೆಬ್ರುವರಿ 13ರಂದು ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ಶಿಸ್ತಾಗಿ ಉಡುಪು ತೊಟ್ಟು ನ್ಯಾಶ್‌ವಿಲ್ ಪೇಟೆಯ ಅಂಗಡಿಗಳಿಗೆ ಹೋದರು. ಅಲ್ಲಿ ಕಪ್ಪು ಜನ ಸಾಮಾನು ಕೊಳ್ಳಬಹುದಿತ್ತು, ಊಟದ ಕೌಂಟರಿನಲ್ಲಿ ಕೂರುವಂತಿರಲಿಲ್ಲ. ಇವರು ಕೂತರು. ತಿಂಡಿ ಬರಲಿಲ್ಲ, ಪುಸ್ತಕ ತೆರೆದು ಓದುತ್ತ ಕೂತೇ ಇದ್ದರು. 27ರಂದು ಗುಂಪು ನುಗ್ಗಿ ಹೊಡೆಯಿತು. ಪೊಲೀಸರು ಹಿಡಿದೊಯ್ದದ್ದು ಏಟು ತಿಂದ ಎಂಬತ್ತೊಂದು ಮಂದಿಯನ್ನು. ಲೂಯಿಸ್ ಮೊದಲ ಸಲ ಜೈಲು ಕಂಡದ್ದು ಅಂದು. ಅದಕ್ಕೆ ಮುನ್ನ ಅವರು ಸಂಗಾತಿಗಳಿಗಾಗಿ ನಿಯಮಗಳ ಪಟ್ಟಿ ಬರೆದು ಸೈಕ್ಲೋಸ್ಟೈಲ್ ಮಾಡಿಸಿ ಹಂಚಿದ್ದರು. ತಿರುಗಿ ಹೊಡೆಯಬೇಡಿ, ನೆಟ್ಟಗೆ ಕೂರಿ, ಕೌಂಟರಿನ ಕಡೆಗೇ ಮುಖವಿರಲಿ ಎಂಬಂಥ ಸೂಚನೆಗಳು. ಕೊನೆಯಲ್ಲಿ ಯೇಸು, ಗಾಂಧಿ, ಥೋರೋ, ಕಿಂಗ್ ಬೋಧನೆ ನೆನಪಿಡಿ ಎಂಬ ಮಾತು. ಕಾಮಿಕ್ಸ್ ಕೊನೆಯ ಪುಟಗಳ ಪಾಠ ಇಲ್ಲಿ ಒಂದು ಹಾಳೆಗಿಳಿದಿತ್ತು.

ಏಪ್ರಿಲ್ 20ರಂದು ಕಿಂಗ್ ನ್ಯಾಶ್‌ವಿಲ್‌ಗೆ ಬಂದರು. ನಾನು ಸ್ಫೂರ್ತಿ ಕೊಡಲು ಬಂದಿಲ್ಲ, ಪಡೆಯಲು ಬಂದಿದ್ದೇನೆ ಎಂಬರ್ಥದ ಮಾತನಾಡಿದರು. ವೇದಿಕೆಯ ಸೌಜನ್ಯವೆಂದು ಇದನ್ನು ತಳ್ಳಿಹಾಕುವಂತಿಲ್ಲ. ಮೂರು ವಾರದೊಳಗೆ ಪೇಟೆಯ ಆರು ಅಂಗಡಿಗಳ ಊಟದ ಕೌಂಟರುಗಳು ಎಲ್ಲರಿಗೂ ತೆರೆದವು.

ಮುಂದಿನದು ಇತಿಹಾಸದ ಪುಸ್ತಕಗಳಲ್ಲಿದೆ. ಬಸ್ಸುಗಳಲ್ಲಿನ ವರ್ಣಭೇದ ಮುರಿಯಲು ಹೊರಟ 1961ರ ಫ್ರೀಡಂ ರೈಡ್ ಯಾತ್ರೆ, 1963ರಲ್ಲಿ ಇಪ್ಪತ್ತಮೂರರ ಪ್ರಾಯಕ್ಕೇ ವಾಷಿಂಗ್ಟನ್ ಮೆರವಣಿಗೆಯಲ್ಲಿ ಕಿಂಗ್ ಜೊತೆ ಭಾಷಣ, 1965ರ ಮಾರ್ಚ್ 7ರಂದು ಮತದಾನದ ಹಕ್ಕಿಗಾಗಿ ಮೆರವಣಿಗೆ ಹೊರಟಾಗ ಅಲಬಾಮದ ಸೆಲ್ಮಾದ ಸೇತುವೆಯ ಮೇಲೆ ಪೊಲೀಸರ ಏಟಿಗೆ ತಲೆಬುರುಡೆ ಬಿರಿದದ್ದು, ಅದೇ ಆಗಸ್ಟಿನಲ್ಲಿ ಮತದಾನ ಹಕ್ಕು ಕಾಯ್ದೆ. 1986ರಲ್ಲಿ ಸಂಸದರಾಗಿ ಆಯ್ಕೆಯಾದ ಲೂಯಿಸ್ 2020ರಲ್ಲಿ ಸಾಯುವವರೆಗೂ ಆ ಸ್ಥಾನದಲ್ಲಿದ್ದರು.

ಹಳೆಯ ಕಾಮಿಕ್ಸ್ ಹುಡುಕಿ ಓದಿದ ಐಡಿನ್, ನಿಮ್ಮ ಕಥೆಯನ್ನೂ ಹೀಗೆ ಬರೆಯಬಾರದೇ ಎಂದು ದುಂಬಾಲು ಬಿದ್ದ. ಲೂಯಿಸ್ ಮೊದಮೊದಲು ತೇಲಿಸಿದರು. ಕಡೆಗೊಮ್ಮೆ, ನೀನೂ ಜೊತೆಗೆ ಬರೆಯುವುದಾದರೆ ಸರಿ ಎಂದು ಒಪ್ಪಿದರು. ಐಡಿನ್ ಸ್ನಾತಕೋತ್ತರ ಪ್ರಬಂಧವನ್ನೂ ಆ ಹದಿನಾರು ಪುಟಗಳ ಮೇಲೆಯೇ ಬರೆದ. ಚಿತ್ರಕ್ಕೆ ನೇಟ್ ಪೊವೆಲ್ ಸೇರಿಕೊಂಡರು. 2013, 2015, 2016ರಲ್ಲಿ ಒಂದೊಂದಾಗಿ ಸಂಪುಟಗಳು ಬಂದವು. ಮೂರನೆಯದಕ್ಕೆ 2016ರ ನ್ಯಾಷನಲ್ ಬುಕ್ ಅವಾರ್ಡ್ ಬಂತು. ಗ್ರಾಫಿಕ್ ಕಾದಂಬರಿಯೊಂದಕ್ಕೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ವೇದಿಕೆಯಲ್ಲಿ ಕಣ್ಣೀರು ತಡೆಯಲಾಗದೆ ಲೂಯಿಸ್ ಹೇಳಿದ್ದು ಟ್ರಾಯ್ ಗ್ರಂಥಾಲಯದ ಕಥೆ. 1998ರಲ್ಲಿ ತಮ್ಮ ಆತ್ಮಕಥೆಯ ಪ್ರತಿಗಳಿಗೆ ಸಹಿ ಹಾಕಲು ಅಲ್ಲಿಗೆ ಹೋದಾಗ ಕೊನೆಗೂ ಆ ಕಾರ್ಡ್ ಕೈಗೆ ಬಂದಿತ್ತು.

2015ರ ಸ್ಯಾನ್ ಡಿಯಾಗೊ ಕಾಮಿಕ್ಸ್ ಸಮ್ಮೇಳನದಲ್ಲಿ, ಸೂಪರ್‌ಮ್ಯಾನ್ ವೇಷದವರ ನಡುವೆ, ಎಪ್ಪತ್ತೈದರ ಲೂಯಿಸ್ ತಮ್ಮದೇ ವೇಷ ಹಾಕಿದರು. ಸೆಲ್ಮಾದಲ್ಲಿ ತೊಟ್ಟಿದ್ದಂಥದೇ ಮಳೆಕೋಟು, ಬೆನ್ನಿಗೆ ಚೀಲ. ಅಂದು ಜೈಲಿಗೆ ಹೋಗಬೇಕಾದೀತೆಂದು ಆ ಚೀಲದಲ್ಲಿ ಎರಡು ಪುಸ್ತಕ, ಒಂದು ಸೇಬು, ಒಂದು ಕಿತ್ತಳೆ, ಹಲ್ಲುಜ್ಜುವ ಬ್ರಷ್ಷು, ಪೇಸ್ಟು ಇಟ್ಟುಕೊಂಡಿದ್ದರು. ಈಗ ಶಾಲಾ ಮಕ್ಕಳು ಅವರ ಕೈ ಹಿಡಿದು ಸಮ್ಮೇಳನದ ತುಂಬ ಮೆರವಣಿಗೆ ಹೊರಟರು.

ಮಹನೀಯರಿಂದ ಸ್ಫೂರ್ತಿ ಪಡೆಯಿರಿ ಎಂದು ನಾವು ಮಕ್ಕಳಿಗೆ ಜಯಂತಿ ಬಂದಾಗಲೆಲ್ಲ ಹೇಳುತ್ತೇವೆ, ಫೋಟೊಗೆ ಹಾರ ಹಾಕಿಸುತ್ತೇವೆ. ಕಿಂಗ್ ಈ ಹುಡುಗನಿಗೆ ಕೊಟ್ಟದ್ದು ಟಿಕೆಟ್, ವಕೀಲ, ಅಪಾಯದ ಲೆಕ್ಕ. ಲಾಸನ್ ಕೊಟ್ಟದ್ದು ತಾಲೀಮು. ಲೂಯಿಸ್ ತಮ್ಮ ಸರದಿ ಬಂದಾಗ ತಮಗಿಂತ ನಲವತ್ತಕ್ಕೂ ಹೆಚ್ಚು ವರ್ಷ ಕಿರಿಯನಾದ ಐಡಿನ್‌ಗೆ ಪುಸ್ತಕದ ಅರ್ಧ ಭಾರ ಹೊರಿಸಿ ಹೆಸರನ್ನೂ ಹಂಚಿಕೊಂಡರು. ದೊಡ್ಡ ಕನಸು ಕಾಣು ಎಂದು ಹೇಳುವವರು ಇಷ್ಟನ್ನಾದರೂ ಮಾಡಬೇಕು. ಕನಸಿನ ಜೊತೆಗೆ ಒಂದು ಕೆಲಸವನ್ನೂ ಎದುರಿನವರ ಕೈಗೆ ಕೊಟ್ಟು, ಅದಕ್ಕೆ ತೆರಬೇಕಾದ ಬೆಲೆಯನ್ನು ಮೊದಲೇ ತಿಳಿಸಬೇಕು.